ರಾಣಿಯ ಹೆಗಲ ಮೇಲಿನ ನೆರಿಗೆ

ನಾನು ಕೆನಡಾ ನೋಡಿಲ್ಲ. ಅಲ್ಲಿ ನನಗೆ ನೆಂಟರಿಲ್ಲ, ಹೋಗುವ ಯೋಚನೆಯೂ ಇಲ್ಲ. ಆದರೂ ನ್ಯೂಜಿಲೆಂಡಿನಲ್ಲಿ, ಆಕ್ಲೆಂಡಿನ ಒನೆಹುಂಗಾದಲ್ಲಿರುವ ನಮ್ಮ ಮನೆಯ ಬೀರುವಿನ ಎರಡು ಖಾನೆಗಳ ತುಂಬ ಕೆನಡಾದ ನಾಣ್ಯಗಳಿವೆ. ಇದಕ್ಕೆಲ್ಲ ಕಾರಣ ಕನ್ನಡ.

ಇದೇ ಊರಿನ ಆಲ್ಬನಿ ಬಡಾವಣೆಯಲ್ಲಿ ಓದುತ್ತಿದ್ದಾಗ ಶನಿವಾರ ಭಾನುವಾರ ಒಂದು ಡೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ಡೇರಿ ಎಂದರೆ ಇಲ್ಲಿ ಹಾಲಿನ ಡೇರಿಯಲ್ಲ. ಬ್ರೆಡ್ಡು, ಪೇಪರು, ಐಸ್‌ಕ್ರೀಮು ಎಲ್ಲ ಸಿಗುವ ಮೂಲೆಯಂಗಡಿ. ಒಂದು ದಿನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತುಮಕೂರಿಗೆ ಫೋನು ಹಚ್ಚಿ ಅಕ್ಕನ ಜೊತೆ ಹರಟುತ್ತಿದ್ದೆ. ಅಷ್ಟರಲ್ಲಿ ಪೇಪರು ಕೊಳ್ಳಲು ಬಂದ ವಯಸ್ಸಾದ ಇಲ್ಲಿನ ಬಿಳಿಯ ಹೆಂಗಸೊಬ್ಬರು ನಾನು ಫೋನಿಡುವವರೆಗೂ ಕಾದು, ಅದು ಯಾವ ಭಾಷೆ ಎಂದು ಕೇಳಿದರು. "ಕನ್ನಡ" ಎಂದೆ. ಅವರ ಮುಖ ಅರಳಿತು. "ಕೆನಡಾ! ನಮ್ಮಣ್ಣ ಅಲ್ಲೇ ಹನ್ನೊಂದು ವರ್ಷ ಇದ್ದ!"

ಅಲ್ಲ, ಇದು ಇಂಡಿಯಾದ ಭಾಷೆ ಎಂದು ನಾನು ಬಿಡಿಸಿ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿಸಿಕೊಂಡರು. ಮುಂದಿನ ಶನಿವಾರ ಹಳೆಯ ತಂಬಾಕಿನ ಡಬ್ಬಿಯೊಂದನ್ನು ತಂದು ಕೌಂಟರಿನ ಮೇಲಿಟ್ಟರು. ತೀರಿಕೊಂಡ ಅಣ್ಣನ ಡಬ್ಬಿಯಂತೆ. ಒಳಗೆ ನಾಣ್ಯಗಳು. "ಊರಿನ ನೆನಪು ಬಂದಾಗ ತೆಗೆದು ನೋಡು" ಎಂದು ನನ್ನ ಕೈ ಅದುಮಿದರು. ನಾನು ಮತ್ತೊಮ್ಮೆ ಇಂಡಿಯಾ ಎಂದೆ. "ಗೊತ್ತು ಗೊತ್ತು, ತುಂಬ ಚಳಿ ಇರಬೇಕು" ಎಂದು ಹೊರಟುಹೋದರು.

ಡಬ್ಬಿ ನನ್ನ ಜೊತೆ ಮೂರು ಫ್ಲ್ಯಾಟು ಬದಲಾಯಿಸಿತು. ಓದು ಮುಗಿದು, ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿ, ಮದುವೆಯಾಗಿ ಒನೆಹುಂಗಾಕ್ಕೆ ಬಂದಮೇಲೆ ಒಂದು ಯುಗಾದಿ ಊಟದಲ್ಲಿ ಪಕ್ಕದ ಕುರ್ಚಿಯವರಿಗೆ ಈ ಕತೆ ಹೇಳಿದೆ. ಅವರು ಹುಬ್ಬಳ್ಳಿಯವರು, ನಿವೃತ್ತ ಮಕ್ಕಳ ಡಾಕ್ಟರು. ಎಲ್ಲರಂತೆ ನಾನೂ ಅವರನ್ನು ಅಂಕಲ್ ಎನ್ನುತ್ತಿದ್ದೆ. ಕತೆ ಕೇಳಿ ಅವರು ನಗಲಿಲ್ಲ. ಹೋಳಿಗೆ ಎಲೆಯಲ್ಲೇ ಬಿಟ್ಟು, "ಆ ಡಬ್ಬಿ ಈಗ ಎಲ್ಲದ?" ಎಂದು ಕೇಳಿದರು. ತರುಣರಾಗಿದ್ದಾಗ ತರಬೇತಿಗೆಂದು ಅವರು ಎರಡು ವರ್ಷ ಕೆನಡಾದಲ್ಲಿದ್ದರು. ಅಂದಿನಿಂದ ಅಲ್ಲಿನ ನಾಣ್ಯಗಳನ್ನು ಕೂಡಿಡುತ್ತಿದ್ದರು. ಇಷ್ಟು ವರ್ಷವಾದರೂ ಅದರ ಬಗ್ಗೆ ಮಾತಾಡಲು ಒಬ್ಬರೂ ಸಿಕ್ಕಿರಲಿಲ್ಲ.

ಹೀಗೆ ನಮ್ಮ ಕೆನಡಾ ನಾಣ್ಯ ಸಂಘ ಹುಟ್ಟಿತು. ಅಂಕಲ್ ಅಧ್ಯಕ್ಷರು, ನಾನು ಕಾರ್ಯದರ್ಶಿ. ಬೇರೆ ಸದಸ್ಯರಿರಲಿಲ್ಲ. ಇಂಡಿಯನ್ ಅಂಗಡಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆವು. ಮುಂದಿನ ಸಭೆಗೆ ದಾವಣಗೆರೆಯ ಸಂಸಾರವೊಂದು ಬಿಸಿಬೇಳೆ ಬಾತಿನ ಪಾತ್ರೆಯೊಂದಿಗೆ ಬಂದಿಳಿಯಿತು. ಕನ್ನಡ ಸಂಘವೆಂದು ಓದಿಕೊಂಡಿದ್ದರು. ಬಂದವರಿಗೂ ಅಂಕಲ್ ಒಂದು ಗಂಟೆ ನಾಣ್ಯದ ಪಾಠ ಮಾಡಿದರು. ಅವರು ಮತ್ತೆ ಬರಲಿಲ್ಲ.

ಪಾಠದ ವಿಷಯ ಸಾಮಾನ್ಯವಾಗಿ ಒಂದೇ. ನಾಣ್ಯ ಅಪರೂಪವಾಗುವುದು ಹಳತೆಂಬ ಕಾರಣಕ್ಕಲ್ಲ, ಅಚ್ಚಿನಲ್ಲಾದ ಸಣ್ಣ ವ್ಯತ್ಯಾಸದಿಂದ. ೧೯೫೩ರಲ್ಲಿ ರಾಣಿಯ ಹೊಸ ಮುಖದ ಅಚ್ಚು ಬಂದಾಗ ಮೊದಮೊದಲು ಆಕೆಯ ಹೆಗಲ ಮೇಲಿನ ಬಟ್ಟೆಯ ನೆರಿಗೆ ಸರಿಯಾಗಿ ಮೂಡಲಿಲ್ಲ, ಆಮೇಲೆ ತಿದ್ದಿದರು. ಅದೇ ವರ್ಷದ ಐದು ಸೆಂಟಿನ ಹಿಂಬದಿಯಲ್ಲೂ ಎರಡು ಬಗೆ. ಒಂದರಲ್ಲಿ ಮೇಪಲ್ ಎಲೆ ಪಕ್ಕದ ಕೆತ್ತನೆಗೆ ಹತ್ತಿರ, ಇನ್ನೊಂದರಲ್ಲಿ ದೂರ. ನೆರಿಗೆ ಇಲ್ಲದ ಮುಖಕ್ಕೆ ಹತ್ತಿರದ ಎಲೆ, ನೆರಿಗೆ ಇರುವ ಮುಖಕ್ಕೆ ದೂರದ ಎಲೆ, ಇದು ಸಾಮಾನ್ಯ ಜೋಡಿ. ಎಲ್ಲೋ ಕೆಲವು ಅದಲುಬದಲಾಗಿವೆ. ಅಂಥದು ಕೈಗೆ ಸಿಗಬೇಕೆಂಬುದು ಅಂಕಲ್ ಅವರ ಬಹುಕಾಲದ ಆಸೆ.

ಒಂದು ಭಾನುವಾರ ನಮ್ಮ ಮನೆಯ ಸಭೆಯಲ್ಲಿ, ನನ್ನ ಡಬ್ಬಿಯ ತಳದಿಂದ ೧೯೫೩ರ ಐದು ಸೆಂಟು ಸಿಕ್ಕಿತು. ಉಕ್ಕಿನದು, ಹನ್ನೆರಡು ಮೂಲೆಯದು. ಎಲೆ ದೂರದ್ದೆಂದು ಇಬ್ಬರೂ ಒಪ್ಪಿದೆವು. ಉಳಿದದ್ದು ನೆರಿಗೆ.

"ಇಲ್ಲ ಅಂಕಲ್, ಹೆಗಲು ಬೋಳಾಗಿದೆ" ಎಂದೆ.

"ಬೋಳ ಅಲ್ಲೋ ತಮ್ಮಾ, ಸವದದ. ನೆರಿಗಿ ಅದ ನೋಡು ಇಲ್ಲೆ."

ಮತಕ್ಕೆ ಹಾಕಿದೆವು. ಒಂದಕ್ಕೊಂದು. ನನ್ನ ಹೆಂಡತಿಯನ್ನು ಕರೆದೆವು. ಅವಳು ಮೈಸೂರಿನವಳು, ಆಸ್ಪತ್ರೆಯಲ್ಲಿ ನರ್ಸು, ಸೀರೆ ಉಡುವುದರಲ್ಲಿ ಪಳಗಿದವಳು. ಭೂತಗನ್ನಡಿಯಲ್ಲಿ ನೋಡಿ, "ಇದು ನೆರಿಗೆನೂ ಅಲ್ಲ, ಸೆರಗೂ ಅಲ್ಲ. ಪಿನ್ ಹಾಕಿಲ್ಲ ಅಷ್ಟೇ" ಎಂದು ತೀರ್ಪು ಕೊಟ್ಟು ಬಜ್ಜಿ ಕರಿಯಲು ಹೋದಳು.

ಅಂಕಲ್ ಒಂದು ಕೈಯಲ್ಲಿ ನಾಣ್ಯ, ಇನ್ನೊಂದರಲ್ಲಿ ಭೂತಗನ್ನಡಿ ಹಿಡಿದಿದ್ದರು. ಭೂತಗನ್ನಡಿಯ ತಿರುಪು ಸಡಿಲವಾಗಿತ್ತು. ಅದನ್ನು ಬಿಗಿಮಾಡಲು ಎರಡೂ ಕೈ ಬೇಕಾದಾಗ, ನಾಣ್ಯವನ್ನು ಮೇಜಿನ ಮೇಲಿಟ್ಟರೆ ಗೀರು ಬಿದ್ದೀತೆಂದು ಅಂಚನ್ನು ತುಟಿಗಳ ನಡುವೆ ಹಿಡಿದುಕೊಂಡರು. ಆಗ ನನ್ನ ಹೆಂಡತಿ ತಟ್ಟೆ ತಂದು, "ಅಂಕಲ್, ಇನ್ನೆರಡು ಬಜ್ಜಿ ಹಾಕ್ಲಾ?" ಎಂದಳು.

"ಸಾಕ..." ಎಂದರು ಅಂಕಲ್. "ವ್ವಾ" ಎನ್ನುವಷ್ಟರಲ್ಲಿ ನಾಣ್ಯ ಒಳಗೆ ಹೋಗಿತ್ತು.

ಅಂಕಲ್ ಕೆಮ್ಮಲಿಲ್ಲ, ಉಸಿರುಗಟ್ಟಲಿಲ್ಲ. ಎದೆ ಸವರಿಕೊಂಡು, "ಹೋತು" ಎಂದರು. ಆಮೇಲೆ ನನ್ನತ್ತ ತಿರುಗಿ, "ನಿನ್ನ ನಾಣ್ಯ ಹೊಸಾದಲ್ಲ, ಮೊದಲ ಮಂದಿ ಕೈಯಾಗ ಓಡಾಡಿದ್ದಿತ್ತು, ಹೌದಲ್ಲೋ?" ಎಂದು ಕೇಳಿದರು.

ಅವರು ಜೀವಮಾನವಿಡೀ ನಾಣ್ಯ ನುಂಗಿದ ಮಕ್ಕಳನ್ನು ನೋಡಿದವರು. ಕಾಯಿರಿ, ತಾನೇ ಹೊರಗೆ ಬರ್ತದ ಎಂದು ಎಷ್ಟೋ ತಾಯಂದಿರಿಗೆ ಹೇಳಿ ಕಳಿಸಿದವರು. ನಮಗೂ ಅದನ್ನೇ ಹೇಳಿದರು. ನನ್ನ ಹೆಂಡತಿ ಕೇಳಲಿಲ್ಲ. ಕಾರಿನಲ್ಲಿ ಕೂರಿಸಿಕೊಂಡು ತುರ್ತು ಕ್ಲಿನಿಕ್ಕಿಗೆ ಹೋದೆವು.

ಎಕ್ಸ್‌ರೇ ತೆಗೆದರು. ಹೊಟ್ಟೆಯಲ್ಲಿ ಹನ್ನೆರಡು ಮೂಲೆಯ ಬಿಳಿ ಆಕಾರ ಸ್ಪಷ್ಟವಾಗಿತ್ತು. ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರು ಯಾವ ಯಂತ್ರದ ನಟ್ಟು ಇದು ಎಂದು ಕೇಳಿದರು. ಅಂಕಲ್ ಎದ್ದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿ, ಹೆಗಲಿನ ಭಾಗ ನೋಡಬೇಕು ಎಂದರು. ಡಾಕ್ಟರು ಅವರ ಹೆಗಲನ್ನೇ ಒತ್ತಿ ನೋಡಿ, ಇಲ್ಲಿ ನೋವಿದೆಯೇ ಎಂದು ಕೇಳಿದರು. ಕೊನೆಗೆ, ನಾಣ್ಯ ಕರುಳಿನತ್ತ ಸರಿಯುತ್ತಿದೆ, ಕಾಯುವುದೊಂದೇ ಕೆಲಸ ಎಂದು, "ನಿಮ್ಮ ಮಗು ನಾಣ್ಯ ನುಂಗಿದಾಗ" ಎಂಬ ಕರಪತ್ರ ಕೊಟ್ಟು ಕಳಿಸಿದರು. ಅದರಲ್ಲಿ ಬರೆದದ್ದು ಸರಿಯಾಗಿದೆಯೆಂದು ಅಂಕಲ್ ದಾರಿಯುದ್ದಕ್ಕೂ ಮೆಚ್ಚಿಕೊಂಡರು.

ಅಂಕಲ್ ಅವರ ಹೆಂಡತಿ, ನಮ್ಮ ಆಂಟಿ, ಆ ವಾರ ಮಗಳ ಮನೆಗೆಂದು ವೆಲಿಂಗ್ಟನ್‌ಗೆ ಹೋಗಿದ್ದರು. ಅವರಿಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡು ಅಂಕಲ್ ನಮ್ಮ ಮನೆಯಲ್ಲೇ ಉಳಿದರು. ಎರಡು ದಿನ ಹೇಗೆ ಕಾದೆವು, ಹೇಗೆ ಹುಡುಕಿದೆವು ಎಂಬುದನ್ನು ಬರೆಯುವುದಿಲ್ಲ. ನಮ್ಮ ಮನೆಯ ಹಿಟ್ಟಿನ ಜರಡಿ ಕಸದ ಡಬ್ಬಿ ಸೇರಿತು ಎಂದರೆ ಸಾಕು. ಮಂಗಳವಾರ ಬೆಳಗ್ಗೆ ಬಚ್ಚಲಿನಿಂದ ಅಂಕಲ್ ಅವರ ಕೂಗು ಕೇಳಿಸಿತು.

"ಸಿಕ್ತು! ಯಾರೂ ತೊಳೀಬ್ಯಾಡ್ರಿ!"

ನಾಣ್ಯ ಸಂಗ್ರಹದ ಮೊದಲ ನಿಯಮವೇ ಅದು. ತೊಳೆದ, ಉಜ್ಜಿದ ನಾಣ್ಯಕ್ಕೆ ಬೆಲೆ ಇಲ್ಲ. ನನಗೂ ಅದು ಗೊತ್ತಿತ್ತು. ಆದರೆ ಕೈಗವಸು ತೊಟ್ಟು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಗೆ ಗೊತ್ತಿದ್ದ ನಿಯಮಗಳೇ ಬೇರೆ.

"ಅಂಕಲ್, ನೀವು ಡಾಕ್ಟ್ರಲ್ವಾ?"

"ಡಾಕ್ಟರಕಿ ಬಿಟ್ಟು ಎಂಟು ವರ್ಷ ಆತವ್ವಾ. ಈಗ ನಾ ಅಧ್ಯಕ್ಷ."

ಹಜಾರದಲ್ಲೇ ತುರ್ತು ಸಭೆ ಸೇರಿದೆವು. ಉಜ್ಜದೆ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿದರೆ ತೊಳೆದಂತಾಗುವುದಿಲ್ಲ ಎಂದು ನಾನು ತಿದ್ದುಪಡಿ ಮಂಡಿಸಿದೆ. ಎಷ್ಟು ಹೊತ್ತು ನೆನೆಸಬೇಕು ಎಂಬ ಬಗ್ಗೆ ಭಿನ್ನಾಭಿಪ್ರಾಯ ಬಂತು. ಮತಕ್ಕೆ ಹಾಕಿದೆವು. ಒಂದಕ್ಕೊಂದು. ಅಧ್ಯಕ್ಷರು ತಮ್ಮ ಎರಡನೇ ಮತ ಚಲಾಯಿಸುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಹಿತ್ತಲಿನ ನಲ್ಲಿಯ ಶಬ್ದ ಕೇಳಿಸಿತು. ನಾವು ಓಡಿಹೋಗುವಷ್ಟರಲ್ಲಿ ಅವಳು ಸೋಪು ಹಾಕಿ ಎರಡು ಸಲ ತಿಕ್ಕಿಯಾಗಿತ್ತು.

ಅಂಕಲ್ ಹಿತ್ತಲಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನನ್ನ ಹೆಂಡತಿಗೂ ಕೆಡುಕೆನಿಸಿತು. ಕೈಗವಸು ಕಳಚಿ, ಪಕ್ಕದಲ್ಲಿ ಕೂತು, "ಅಂಕಲ್, ಎರಡು ದಿನದಿಂದ ನೀವು ಸರಿಯಾಗಿ ಊಟ ಮಾಡಿಲ್ಲ. ನಾಣ್ಯ ಹೋದ್ರೆ ಇನ್ನೊಂದು ಸಿಗುತ್ತೆ" ಎಂದಳು. ಅವರು ಕಣ್ಣೊರೆಸಿಕೊಂಡು, "ರೊಟ್ಟಿ ಮಾಡ್ತಿಯೇನವ್ವಾ?" ಎಂದರು. ಆ ದಿನ ನಾನು ಕೆಲಸಕ್ಕೆ ರಜೆ ಹಾಕಿದೆ. ಮೂವರೂ ಕೂತು ರೊಟ್ಟಿ, ಬದನೆಕಾಯಿ ಪಲ್ಯ ತಿಂದೆವು.

ನೆರಿಗೆಯ ಜಗಳ ಮಾತ್ರ ಮುಗಿದಿರಲಿಲ್ಲ. ನಾಣ್ಯದ ಬಗೆ ಮತ್ತು ಸ್ಥಿತಿಯನ್ನು ಪರೀಕ್ಷಿಸಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿಕೊಡುವವರು ಕೆನಡಾದಲ್ಲಿದ್ದಾರೆ. ಅವರಿಗೆ ಕಳಿಸಿದೆವು. ನಡೆದದ್ದನ್ನು ಅರ್ಜಿಯಲ್ಲಿ ಬರೆಯಲಿಲ್ಲ. ಕೆಲವು ತಿಂಗಳ ಮೇಲೆ ಪೆಟ್ಟಿಗೆ ಬಂತು. ನೆರಿಗೆ ಇಲ್ಲ, ಎಲೆ ದೂರ ಎಂದು ಚೀಟಿಯಲ್ಲಿತ್ತು. ಅಪರೂಪದ ಜೋಡಿಯೇ ಸರಿ. ನಾನು ಕುಣಿದೆ. ಅಂಕಲ್ ಚೀಟಿಯ ಎರಡನೇ ಸಾಲನ್ನೇ ದಿಟ್ಟಿಸುತ್ತಿದ್ದರು. ತೊಳೆದದ್ದರ ಸುದ್ದಿಯೇ ಇರಲಿಲ್ಲ. "ಪರಿಸರದಿಂದ ಆದ ಹಾನಿ" ಎಂದಿತ್ತು.

"ಪರಿಸರ ಅಂತ!" ಎಂದು ಅಂಕಲ್ ಎದ್ದು ನಿಂತರು. "ಎಪ್ಪತ್ತೆರಡು ವರ್ಷ ಮೊಸರನ್ನ ಉಂಡ ಹೊಟ್ಟಿ ಇದು! ಇವರಿಗೆ ಪರಿಸರ ಏನೋ?"

ಅದೇನೇ ಇರಲಿ, ಆ ನಾಣ್ಯವನ್ನು ನಾನು ಅವರಿಗೇ ಕೊಟ್ಟುಬಿಟ್ಟೆ. ಅವರ ಬಹುಕಾಲದ ಆಸೆ. ಮೇಲಾಗಿ ಎರಡು ದಿನ ಹೊಟ್ಟೆಯಲ್ಲಿಟ್ಟುಕೊಂಡವರನ್ನು ಬಿಟ್ಟು ನಾನು ಅದನ್ನು ನನ್ನದು ಎನ್ನುವುದು ಹೇಗೆ?

ಈ ದೀಪಾವಳಿಗೆ ಲಕ್ಷ್ಮೀಪೂಜೆಗೆಂದು ಅವರ ಮನೆಗೆ ಕರೆದಿದ್ದರು. ನಾವು ಹೋಗುವಷ್ಟರಲ್ಲಿ ಪೂಜೆ ಶುರುವಾಗಿತ್ತು. ದೇವರ ಮುಂದೆ, ಬೆಳ್ಳಿಯ ತಟ್ಟೆಯ ನಟ್ಟನಡುವೆ, ಅರಿಸಿನ ಕುಂಕುಮ ಹಚ್ಚಿಸಿಕೊಂಡು ಆ ಪ್ಲಾಸ್ಟಿಕ್ ಪೆಟ್ಟಿಗೆ ಕೂತಿತ್ತು. ಮನೆಯಲ್ಲಿರುವುದರಲ್ಲೇ ಅಪರೂಪದ ನಾಣ್ಯ ಎಂದು ಅಂಕಲ್ ಹೇಳಿದ್ದರಂತೆ. ಆಂಟಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಮಗೂ ಒತ್ತಿಕೊಳ್ಳಲು ಹೇಳಿದರು. ನನ್ನ ಹೆಂಡತಿ ನನ್ನ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ, ಭಕ್ತಿಯಿಂದಲೇ ಒತ್ತಿಕೊಂಡಳು.

ಮಂಗಳಾರತಿ ಮುಗಿದ ಮೇಲೆ ಆಂಟಿ ಕನ್ನಡಕ ಏರಿಸಿ ಚೀಟಿಯನ್ನು ಓದಿದರು.

"ಏನ್ರೀ, ಇದರ ಮ್ಯಾಲೆ ಹಾನಿ ಗೀನಿ ಅಂತ ಬರದಾರಲ್ಲ, ಏನಾಗೇದ ಇದಕ್ಕ?"

ಅಂಕಲ್ ಪ್ರಸಾದದ ತಟ್ಟೆಯಿಂದ ತಲೆಯೆತ್ತಲಿಲ್ಲ. "ಕೆನಡಾದಾಗ ಭಾಳ ಥಂಡಿ ಇರ್ತದ" ಎಂದರು.

"ಅಯ್ಯ, ಪಾಪ" ಎಂದು ಆಂಟಿ ಪೆಟ್ಟಿಗೆಯನ್ನು ದೀಪದ ಹತ್ತಿರಕ್ಕೆ ಸರಿಸಿದರು.