ಸೋಮವಾರದ ಐಸ್‌ಕ್ರೀಮು

ಮಾರ್ಚ್ ೧೯, ಬುಧವಾರ, ಬೆಳಗ್ಗೆ ಎಂಟು ಇಪ್ಪತ್ತು. ಉಣಕಲ್ಲಿನ ನಮ್ಮ ಮನೆಯಲ್ಲಿ ಅಪ್ಪ ಗಂಜಿಯ ಚಮಚವನ್ನು ಬಾಯಿಯವರೆಗೆ ತಂದು, ಹಾಗೆಯೇ ಬಟ್ಟಲಿಗೆ ವಾಪಸ್ ಇಟ್ಟರು. ಅವ್ವ ಬಟ್ಟಲನ್ನು ಎತ್ತಿಕೊಂಡು ಹೋದಳು. ನಾನು ದಿನಚರಿಯಲ್ಲಿ ಹೊತ್ತು ಬರೆದು, ಮುಂದೆ "ಗಂಜಿ ಬಂದ್" ಎಂದು ಬರೆದೆ. ಪರೀಕ್ಷೆಗೆ ಓದುವವರಿಗೆ ಎಲ್ಲದರ ಹೊತ್ತು ಬರೆದಿಡುವ ಅಭ್ಯಾಸ ಇರುತ್ತದೆ. ಮೂರು ವರ್ಷದಿಂದ ಓದುತ್ತಿರುವ ನನಗೆ ಅದು ಅಂಟಿಬಿಟ್ಟಿದೆ.

ಅಪ್ಪನಿಗೆ ದವಡೆಯ ಒಳಗೆ ಗಂಟಾಗಿತ್ತು. ದಲ್ಲಾಳಿ ಅಂಗಡಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡುತ್ತ, ಸುಣ್ಣದ ಜೊತೆ ತಂಬಾಕು ತಿಕ್ಕಿ ಇಟ್ಟುಕೊಂಡ ಜಾಗ ಅದು. ಜನವರಿಯಲ್ಲಿ ಕೊಯ್ದು ತೆಗೆದರು. ಮಾರ್ಚ್ ಮೊದಲ ವಾರದಲ್ಲಿ ಕರೆಂಟ್ ಕೊಡಲು ಶುರು ಮಾಡಿದರು. ಇಲ್ಲಿ ಎಲ್ಲರೂ ರೇಡಿಯೇಶನ್ನಿಗೆ ಕರೆಂಟ್ ಅಂತಲೇ ಅನ್ನುತ್ತಾರೆ. ಮೂರನೇ ವಾರಕ್ಕೆ ಬಾಯಿಯ ಒಳಗೆಲ್ಲ ಹುಣ್ಣು. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ ನಾನು ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹನ್ನೊಂದಕ್ಕೆ ಮನೆಗೆ ಬಿಟ್ಟು, ಸಪ್ತಾಪುರದ ಓದುವ ಕೋಣೆಗೆ ಹೋಗುತ್ತಿದ್ದೆ. ನಾಲ್ಕಕ್ಕೆ ವಾಪಸ್.

ಆಸ್ಪತ್ರೆಯಲ್ಲಿ ಪ್ರತಿ ಮಂಗಳವಾರ ತೂಕ ನೋಡುತ್ತಾರೆ. ಶುರುವಿನಲ್ಲಿ ಅಪ್ಪ ಐವತ್ತಾರು ಕಿಲೋ ಇದ್ದರು. ಗಂಜಿ ಬಂದಾದ ವಾರ ಐವತ್ತೊಂದೂವರೆ. ನಲವತ್ತೆಂಟಕ್ಕಿಂತ ಕೆಳಗೆ ಹೋದರೆ ಮೂಗಿನಿಂದ ಹೊಟ್ಟೆಗೆ ಪೈಪು ಹಾಕಿ ಊಟ ಕೊಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಾಗೆ ಪೈಪು ಹಾಕಿಸಿಕೊಂಡವರೊಬ್ಬರು ದಿನವೂ ನಮ್ಮ ಎದುರಿನ ಬೆಂಚಿನ ಮೇಲೆ ಕೂಡುತ್ತಿದ್ದರು. ಅಪ್ಪ ಅವರ ಕಡೆ ನೋಡುತ್ತಲೇ ಇರಲಿಲ್ಲ. ಒಂದು ದಿನ ಆಟೋದಲ್ಲಿ ನಿಧಾನವಾಗಿ, ಒಂದೊಂದೇ ಮಾತು ಹೊರಳಿಸುತ್ತ ಹೇಳಿದರು.

"ನನಗ ಆ ಪೈಪ್ ಹಾಕಿದ್ರ, ಮರುದಿನದಿಂದ ನಾ ಕರೆಂಟಿಗೆ ಬರೂದಿಲ್ಲ. ಈಗ ಹೇಳಿರ್ತೇನಿ."

ನಾನು "ಹೂಂ" ಅಂದೆ. ಅವರು ಹೇಳಿದ್ದನ್ನು ಮಾಡುವವರು. ಕರೆಂಟು ಅರ್ಧಕ್ಕೆ ಬಿಟ್ಟರೆ ಗಂಟು ಮತ್ತೆ ಬರುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಇದೆಲ್ಲ ತಿಳಿದೂ ನನಗೆ ಆಗ ಏನೂ ಅನ್ನಿಸಲಿಲ್ಲ. ಆಟೋದ ಹೊರಗೆ ಕೆರೆ ಕಾಣುತ್ತಿತ್ತು. ನೋಡುತ್ತ ಕೂತೆ.

ಆಹಾರದ ಸಲಹೆ ಕೊಡುವ ಹೆಣ್ಣುಮಗಳು ಹೇಳಿದ್ದು ಇಷ್ಟು: "ತಣ್ಣಂದು, ಮೆತ್ತಂದು ಕೊಡ್ರಿ. ಹಾಲಿನ ಐಸ್‌ಕ್ರೀಮ್ ಕೊಡ್ರಿ. ಹೊಟ್ಟಿ ಸೇರಿದ್ರ ಸಾಕು."

ಅಂಗಡಿಯ ಐಸ್‌ಕ್ರೀಮ್ ತಂದೆ. ಅದರಲ್ಲಿ ಏನು ವಾಸನೆಯ ಎಣ್ಣೆ ಹಾಕಿದ್ದರೋ, ಅಪ್ಪನ ಬಾಯಿ ಉರಿದು ಕಣ್ಣಲ್ಲಿ ನೀರು ಬಂತು. ಕುಲ್ಫಿ ಕಲ್ಲಿನಂತಿತ್ತು. ಅವ್ವ ಹಾಲು ಬತ್ತಿಸಿ, ಸಕ್ಕರೆ ಹಾಕಿ, ಸ್ಟೀಲ್ ಡಬ್ಬಿಯಲ್ಲಿ ಫ್ರೀಜರಿಗಿಟ್ಟಳು. ಅದು ಗಟ್ಟಿಯಾಯಿತು, ಆದರೆ ಒಳಗೆಲ್ಲ ಮಂಜಿನ ಸೂಜಿ. ಹುಣ್ಣಿಗೆ ಚುಚ್ಚಿತು. ಹಾಲು ಹೆಪ್ಪುಗಟ್ಟುವಾಗ ಅದನ್ನು ಕಡೆಯುತ್ತಲೇ ಇದ್ದರೆ ಹರಳು ದೊಡ್ಡದಾಗುವುದಿಲ್ಲ, ಅದಕ್ಕೇ ಯಂತ್ರ ಬೇಕು ಎನ್ನುವುದು ನನಗೆ ಗೊತ್ತಾದದ್ದು ಹೀಗೆ.

ಮಾರ್ಚ್ ೨೨, ಶನಿವಾರ, ಹುಬ್ಬಳ್ಳಿಯ ಮಿಕ್ಸರ್ ಗ್ರೈಂಡರ್ ಅಂಗಡಿಗೆ ಹೋದೆ. ಮೂರು ತರಹದ ಯಂತ್ರಗಳಿದ್ದವು. ಒಂದು, ತಾನೇ ತಣ್ಣಗೆ ಮಾಡಿಕೊಳ್ಳುವಂಥದು. ಒಳಗೆ ಫ್ರಿಜ್ಜಿನಂತೆಯೇ ಕಂಪ್ರೆಸರ್. ಹಾಲು ಸುರಿದು ಬಟನ್ ಒತ್ತಿದರೆ ಮುಗಿಯಿತು, ಆದರೆ ಬೆಲೆ ನಮ್ಮ ಮಾತಲ್ಲ. ಎರಡನೆಯದು ಕಟ್ಟಿಗೆಯ ಬಕೆಟ್, ಸುತ್ತ ಬರ್ಫ ಮತ್ತು ಉಪ್ಪು ತುಂಬಿ ಕೈಯಿಂದ ತಿರುಗಿಸುವುದು. ದಿನಾ ಬರ್ಫ ಎಲ್ಲಿಂದ ತರುವುದು? ಮೂರನೆಯದಕ್ಕೆ ಎರಡು ಗೋಡೆಯ ಒಂದು ದಪ್ಪ ಬಟ್ಟಲು. ಗೋಡೆಗಳ ನಡುವೆ ಏನೋ ದ್ರವ ತುಂಬಿರುತ್ತದೆ. ಬಟ್ಟಲನ್ನು ಒಂದು ದಿನ ಪೂರ್ತಿ ಫ್ರೀಜರಿನಲ್ಲಿಟ್ಟರೆ ಆ ದ್ರವ ಕಲ್ಲಾಗುತ್ತದೆ. ಮೇಲೆ ಸಣ್ಣ ಮೋಟಾರು ಕೂಡಿಸಿ ತಣ್ಣನೆಯ ಹಾಲು ಸುರಿದರೆ, ಒಳಗಿನ ರೆಕ್ಕೆ ತಿರುಗಿ ಇಪ್ಪತ್ತು ನಿಮಿಷದಲ್ಲಿ ಐಸ್‌ಕ್ರೀಮು.

ನಾನು ಫ್ರೀಜರಿನ ಎತ್ತರ ಅಳೆದುಕೊಂಡು ಹೋಗಿದ್ದೆ. ಚೀಲದಿಂದ ಟೇಪು ತೆಗೆದು ಬಟ್ಟಲಿಗೆ ಸುತ್ತಿದೆ. ಅಂಗಡಿಯವರು ನಕ್ಕರು.

"ಏನ್ರೀ ಅಕ್ಕಾರ, ಮಶಿನ್ ತಗೊಳಾಕ ಬಂದೀರೋ, ಇದಕ್ಕ ಬ್ಲೌಸ್ ಹೊಲಿಯಾಕ ಬಂದೀರೋ?"

"ನಮ್ದು ಸಣ್ಣ ಫ್ರಿಜ್ರಿ. ಒಂದ ಬಾಗಲದ್ದು. ನೆಟ್ಟಗ ಕುಂದರಬೇಕಲ್ರಿ."

"ಕುಂದರ್ತೈತಿ, ತಗೊಳ್ರಿ. ಆದ್ರ ಒಂದ ನೆನಪಿಡ್ರಿ. ಬಟ್ಲಾ ಅಳ್ಳಾಡಿಸಿ ನೋಡ್ರಿ. ಒಳಗ ನೀರಿನ ಸಪ್ಳ ಬಂದ್ರ ಇನ್ನೂ ತಯಾರ ಆಗಿಲ್ಲಂತ ತಿಳೀರಿ. ಆಮ್ಯಾಲ ನನ್ನ ಬೈಬ್ಯಾಡ್ರಿ."

ಮರುದಿನ, ರವಿವಾರ ಮಧ್ಯಾಹ್ನ ಮೊದಲ ಸಲ ಮಾಡಿದೆ. ಬತ್ತಿಸಿದ ಹಾಲು, ಕೆನೆ, ಹಾಲಿನ ಪುಡಿ, ಸಕ್ಕರೆ, ದಪ್ಪವಾಗಲು ಒಂದು ಚಮಚ ಕಾರ್ನ್‌ಫ್ಲೋರ್. ರೆಕ್ಕೆ ತಿರುಗುತ್ತಿರುವಾಗಲೇ ಸುರಿಯಬೇಕು. ಮೊದಲೇ ಸುರಿದರೆ ಹಾಲು ಗೋಡೆಗೆ ಅಂಟಿ ರೆಕ್ಕೆ ಸಿಕ್ಕಿಕೊಳ್ಳುತ್ತದೆ. ಬಟ್ಟಲಿನ ಮುಕ್ಕಾಲಿಗಿಂತ ಕಡಿಮೆ ಹಾಕಬೇಕು, ಯಾಕೆಂದರೆ ಅದು ಉಬ್ಬುತ್ತದೆ. ಇಪ್ಪತ್ತೆರಡು ನಿಮಿಷಕ್ಕೆ ಬೆಣ್ಣೆಯಂತೆ ಬಂತು. ಬೇರೆ ಪಾತ್ರೆಗೆ ಹಾಕಿದರೆ ಬಿಸಿಲಿಗೆ ಕೂಡಲೇ ಕರಗುತ್ತದೆಂದು ಅಪ್ಪ ಬಟ್ಟಲಿಗೇ ಚಮಚ ಹಾಕಿ ತಿಂದರು. ಒಂದು ತುತ್ತು, ಎರಡು, ಮೂರು. ನಿಲ್ಲಿಸಲಿಲ್ಲ.

"ಅಪ್ಪಾ, ಹೆಂಗೈತ್ರಿ?"

"ಇಳೀತೈತಿ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ತೂಕದ ಲೆಕ್ಕಕ್ಕಾಗಿ ಉಳಿದದ್ದನ್ನು ಅಳೆಯಲು ಹೋದೆ. ಏನೂ ಉಳಿದಿರಲಿಲ್ಲ.

ಸೋಮವಾರ ಆಗಲಿಲ್ಲ. ನಲವತ್ತು ನಿಮಿಷ ತಿರುಗಿಸಿದರೂ ಹಾಲು ಹಾಲಾಗಿಯೇ ಉಳಿಯಿತು. ಹಾಲು ಸಾಕಷ್ಟು ತಣ್ಣಗಾಗಿರಲಿಲ್ಲ ಎಂದುಕೊಂಡೆ. ಅಪ್ಪ ನಾಲ್ಕು ಗುಟುಕು ಕುಡಿದು, ಗಂಟಲು ಉರಿದು, ಮಗ್ಗುಲಾದರು. ಮಂಗಳವಾರ ಬರಿಹೊಟ್ಟೆಯಲ್ಲಿ ತಕ್ಕಡಿ ಏರಿದರು. ನಲವತ್ತೊಂಬತ್ತು ಪಾಯಿಂಟ್ ಒಂಬತ್ತು. ಅಂದಿನಿಂದ ರವಿವಾರದವರೆಗೆ ದಿನವೂ ಚೆನ್ನಾಗಿ ಆಯಿತು. ಆ ರವಿವಾರವೇ ಯುಗಾದಿ. ಅವ್ವ ವಾಟಿಯಲ್ಲಿ ಬೇವಿನ ರಸ ತಂದು ಅಪ್ಪನ ನಾಲಿಗೆಗೆ ಒಂದು ಹನಿ ಮುಟ್ಟಿಸಿದಳು. ಅವರು ಮುಖ ಕಿವುಚಲಿಲ್ಲ. "ಇನ್ನೂ ಹಾಕಿಲ್ಲೇನ?" ಎಂದು ಕೇಳಿದರು. ಹಾಕಿ ಆಗಿತ್ತು. ಅವ್ವ ವಾಟಿಯನ್ನು ಕೆಳಗಿಟ್ಟಳು.

ಯುಗಾದಿಯ ಮರುದಿನ ಸೋಮವಾರ. ಮತ್ತೆ ಹಾಲು ಹಾಲಾಗಿಯೇ ಉಳಿಯಿತು. ಈ ಸಲ ಹಾಲನ್ನು ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದೆ. ಹಬ್ಬಕ್ಕೆ ಬಂದವರು ಫ್ರಿಜ್ ಬಾಗಿಲು ಹತ್ತು ಸಲ ತೆಗೆದಿದ್ದಾರೆ, ಅದಕ್ಕೇ ಹೀಗಾಗಿದೆ ಅಂದುಕೊಂಡೆ. ದಿನಾ ಅದೇ ಮೂಲೆಯಲ್ಲಿ ಕೂತಿರುವ ಬಟ್ಟಲನ್ನು ಅಲ್ಲಾಡಿಸಿ ನೋಡಬೇಕೆಂದು ಹೊಳೆಯಲಿಲ್ಲ. ಮಂಗಳವಾರ ತೂಕ ನಲವತ್ತೆಂಟು ನಾಲ್ಕು.

ಡಾಕ್ಟರು ಚೀಟಿಯ ಮೇಲೆ ಬರೆಯುತ್ತಲೇ ಹೇಳಿದರು, "ಬರೋ ಮಂಗಳವಾರ ನೋಡೂಣು. ನಲವತ್ತೆಂಟರ ಕೆಳಗ ಹೋದ್ರ ಪೈಪ್ ಹಾಕಿ ಬಿಡೂಣ್ರಿ, ತಡಾ ಮಾಡೂದು ಬ್ಯಾಡ."

ಅಪ್ಪ ತಲೆ ಆಡಿಸಿದರು, ಒಪ್ಪಿದವರಂತೆ. ಹೊರಗೆ ಬಂದ ಮೇಲೆ ಆಸ್ಪತ್ರೆಯ ಕಾರ್ಡನ್ನು ನನ್ನ ಕೈಗೆ ಕೊಟ್ಟು, "ಇದನ್ನ ನೀನ ಇಟ್ಕೋ. ನನಗ ಇನ್ನೊಂದ ವಾರದ್ದ ಕೆಲಸ" ಅಂದರು. ಆ ವಾರ ನಾನು ಊಟ ಮಾಡಿದ್ದು, ಓದಿದ್ದು, ಮಲಗಿದ್ದು ಎಲ್ಲ ದಿನಚರಿಯ ಪುಟದಲ್ಲಿದೆ. ನೆನಪಿನಲ್ಲಿಲ್ಲ.

ಏಪ್ರಿಲ್ ೭, ಸೋಮವಾರ. ಆಸ್ಪತ್ರೆಗೆ ಹೋದಾಗ ಕರೆಂಟಿನ ಯಂತ್ರವನ್ನು ರಿಪೇರಿಗೆ ಬಿಚ್ಚಿಟ್ಟಿದ್ದರು. ನಾಳೆ ಬರ್ರಿ ಅಂದರು. ಒಂಬತ್ತೂವರೆಗೆಲ್ಲ ಮನೆಗೆ ವಾಪಸ್ ಬಂದೆವು. ಫ್ರಿಜ್ಜಿನ ಬಾಗಿಲು ಅಗಲವಾಗಿ ತೆರೆದಿತ್ತು, ವಾಯರು ಗೋಡೆಯಿಂದ ಕಿತ್ತು ನೆಲದ ಮೇಲಿತ್ತು. ಅವ್ವ ಮಾಳಿಗೆಯ ಮೇಲಿದ್ದಳು. ಹತ್ತಿ ನೋಡಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಪೂಜೆಯ ತಂಬಿಗೆ, ಹಣತೆ, ಗಿಂಡಿ ಬಿಸಿಲಿಗೆ ಸಾಲಾಗಿ ಬೋರಲು ಬಿದ್ದಿದ್ದವು. ಸಾಲಿನ ಕೊನೆಗೆ ಐಸ್‌ಕ್ರೀಮಿನ ಬಟ್ಟಲು, ಅದೂ ಬೋರಲು.

"ಅವ್ವಾ, ಇದನ್ಯಾಕ ಇಲ್ಲಿ ಇಟ್ಟಿ?"

"ಸೋಮಾರ ಅಲ್ಲನ? ರಾತ್ರಿ ಫ್ರಿಜ್ ಬಂದ್ ಮಾಡಿ, ಮುಂಜಾನೆ ತೊಳೀತೇನಲ್ಲ. ಅದರಾಗ ದೇವ್ರ ಹಾಲ ಇಡಬೇಕು. ಈ ಡಬರಿಗೆ ನಿಮ್ಮಪ್ಪಾರು ಬಾಯಿಗೆ ಹಚ್ಚಿದ ಚಮಚಾ ಹಾಕಿ ತಿಂತಾರ. ಎಂಜಲ ಡಬರಿ ಹಾಲಿನ ಮಗ್ಗಲ ಇಡಾಕ ಬರ್ತೈತೇನ? ಅದಕ್ಕ ತಿಕ್ಕಿ ಒಣಗಿಸಿ ಇಡ್ತೇನಿ."

ಅವ್ವ ನಾನು ಹುಟ್ಟುವ ಮೊದಲಿನಿಂದ ಸೋಮವಾರ ಮನೆ ತೊಳೆಯುತ್ತಾಳೆ. ಫ್ರಿಜ್ ಬಂದ ಮೇಲೆ ಫ್ರಿಜ್ಜನ್ನೂ. ಲಿಂಗಪೂಜೆಗೆ ಇಡುವ ಹಾಲು ಶುದ್ಧ ಜಾಗದಲ್ಲಿರಬೇಕು. ಅದನ್ನು ಯಾರಿಗಾದರೂ ಹೇಳಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ, ಕೇಳಬೇಕೆಂದು ನನಗೂ. ಹನ್ನೊಂದರೊಳಗೆ ಎಲ್ಲವೂ ಒಳಗೆ ಹೋಗುತ್ತಿತ್ತು. ನಾಲ್ಕಕ್ಕೆ ನಾನು ಬಂದಾಗ ಬಟ್ಟಲಿನ ಹೊರಗೆ ಬೆಳ್ಳಗೆ ಮಂಜು ಕೂತಿರುತ್ತಿತ್ತು, ಅಷ್ಟೇ.

ಬಟ್ಟಲನ್ನು ಎತ್ತಿ ಅವಳ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಗುಳುಗುಳು ಅಂತು. ಬಿಸಿಲಿಗೆ ಅದು ಬೆಚ್ಚಗಾಗಿತ್ತು.

"ಇದರಾಗ ನೀರ ಐತೇನ?" ಅವ್ವ ಕೇಳಿದಳು.

"ಇದು ಕಲ್ಲ ಆಗಬೇಕವಾ. ಒಂದ ದಿನಾ ಪೂರ್ತಿ ಬೇಕು."

ಅವಳಿಗೆ ತಿಳಿಯಿತು. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಎರಡು ಸೋಮವಾರಗಳನ್ನು, ಎರಡು ಮಂಗಳವಾರಗಳನ್ನು ಅವಳು ಒಂದಕ್ಕೊಂದು ಹೊಂದಿಸುತ್ತಿದ್ದಳು. ಕೈಯೊಳಗಿನ ಹಣತೆಯನ್ನು ಮತ್ತೆ ಮತ್ತೆ ತಿಕ್ಕಿದಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳನ್ನು ಸಮಾಧಾನ ಮಾಡಬೇಕೆಂದೂ ಅನ್ನಿಸಲಿಲ್ಲ. ಬಟ್ಟಲು ಹಿಡಿದುಕೊಂಡು ನಿಂತಿದ್ದೆ.

ಕೆಳಗಿನ ಅಂಗಳದಿಂದ ಅಪ್ಪ ಎಲ್ಲ ಕೇಳಿಸಿಕೊಂಡಿದ್ದರು. ಗಂಟಲು ಸರಿಮಾಡಿಕೊಂಡು, ಕೂಗಲಾರದೆ ಕೂಗಿದರು.

"ಏ, ದೇವ್ರ ಹಾಲ ಹೊರಗ ಇಡು. ಅವಗ ಬಿಸಿ ಮಾಡಿ ಕೊಡು. ಅವಗೇನ ಬಾಯಾಗ ಹುಣ್ಣಾಗಿಲ್ಲ."

ಅವ್ವ ನಕ್ಕುಬಿಟ್ಟಳು. "ಈ ಮಾತಿಗೇನ ಕಡಿಮಿಲ್ಲ ನಿಮಗ" ಎಂದು ಕೆಳಗೆ ನೋಡಿ ಅಂದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನೀರಿನ ಟಾಕಿಯ ಕಡೆ ತಿರುಗಿ ನಿಂತಳು.

ನಾಳೆ ತೂಕ. ಇವತ್ತು ಬಟ್ಟಲು ತಯಾರಾಗುವುದಿಲ್ಲ. ಜ್ಯೂಸಿನ ಅಂಗಡಿಗೆ ಹೋಗಿ ಗೋಣಿಚೀಲದಲ್ಲಿ ಬರ್ಫದ ಗಡ್ಡೆ ತಂದೆ, ಜೊತೆಗೆ ದಪ್ಪ ಉಪ್ಪು. ಅವ್ವ ನೀರು ಕಾಯಿಸುವ ದೊಡ್ಡ ಬಕೆಟ್ಟು ತಂದು ನಡುವೆ ಸ್ಟೀಲ್ ಡಬ್ಬಿ ಇಟ್ಟಳು. ನಾನು ಬರ್ಫ ಒಡೆದು, ಒಂದು ಪದರ ಬರ್ಫ, ಒಂದು ಪದರ ಉಪ್ಪು ಎಂದು ಸುತ್ತ ತುಂಬಿದೆ. ಉಪ್ಪು ಬಿದ್ದರೆ ಬರ್ಫ ಕರಗುತ್ತ ಇನ್ನಷ್ಟು ತಣ್ಣಗಾಗುತ್ತದೆ. ಅವ್ವ ಎರಡೂ ಕೈಯಿಂದ ಡಬ್ಬಿಯನ್ನು ಆಚೆ ಈಚೆ ತಿರುಗಿಸುತ್ತ ಹೋದಳು. ನಾನು ನಡುನಡುವೆ ಮುಚ್ಚಳ ತೆಗೆದು ಮಗುಚುವ ಕೈಯಿಂದ ಗೋಡೆಗೆ ಅಂಟಿದ್ದನ್ನು ಕೆರೆದೆ. ಉಪ್ಪುನೀರು ಅವಳ ಬೆರಳ ಸೀಳುಗಳಿಗೆ ಹತ್ತಿ ಉರಿಯುತ್ತಿತ್ತು. ನಾನು ತಿರುಗಿಸ್ತೇನೆ ಅಂದರೆ ಬಿಡಲಿಲ್ಲ. ಒಂದು ತಾಸಿನ ಮೇಲೆ ಕೆನೆಗಟ್ಟಿದ ಮೊಸರಿನಷ್ಟು ದಪ್ಪಕ್ಕೆ ಬಂತು. ಯಂತ್ರದ್ದಷ್ಟು ನುಣುಪಿಲ್ಲ. ಅಪ್ಪ ಕಣ್ಣುಮುಚ್ಚಿ ತಿಂದರು. ಸಂಜೆ ಇನ್ನೊಂದು ಸಲ ಮಾಡಿದೆವು, ಅದನ್ನೂ ತಿಂದರು. ದೇವರ ಹಾಲು ಅಡುಗೆಮನೆಯ ಕಟ್ಟೆಯ ಮೇಲೆ ನೀರಿನ ತಾಟಿನಲ್ಲಿ ಕೂತಿತ್ತು.

ಮಂಗಳವಾರ ತಕ್ಕಡಿ ನಲವತ್ತೆಂಟು ಎರಡು ತೋರಿಸಿತು. ಡಾಕ್ಟರು ನೋಡಿ "ಹೂಂ, ನಡೀಲಿ" ಅಂದರು. ಅಪ್ಪ ನನ್ನ ಕಡೆ ಕೈ ಚಾಚಿ ಕಾರ್ಡು ವಾಪಸ್ ತೆಗೆದುಕೊಂಡರು.

ಆ ಸೋಮವಾರದ ನಂತರ ನಮ್ಮ ಮನೆಯಲ್ಲಿ ಫ್ರಿಜ್ ಬಂದ್ ಆಗಿಲ್ಲ. ಉಳಿದ ಕರೆಂಟು ಪೈಪಿಲ್ಲದೆ ಮುಗಿಯಿತು. ಕೊನೆಯ ದಿನ ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನು ದಿನಾಂಕ ಬರೆದು, ಕೆಳಗೆ ಗೆರೆ ಎಳೆದೆ. ಸಂತೋಷ ಆಗುತ್ತದೆಂದು ಕಾದು ಕೂತೆ. ನಿದ್ದೆ ಬಂತು.

ಈಗ ಆಗಸ್ಟ್. ಹುಣ್ಣು ಮಾಯ್ದಿವೆ. ಅಪ್ಪ ಅನ್ನ, ಮೆತ್ತನೆಯ ರೊಟ್ಟಿ, ಬೇಳೆ ಎಲ್ಲ ನುಂಗುತ್ತಾರೆ. ತೂಕ ಐವತ್ತೆರಡು. ರುಚಿ ಮಾತ್ರ ಬಂದಿಲ್ಲ. ರೊಟ್ಟಿಯೂ ಒಂದೇ, ಹೋಳಿಗೆಯೂ ಒಂದೇ. ಊಟ ಅವರಿಗೆ ತೂಕಕ್ಕಾಗಿ ಮಾಡುವ ಕೆಲಸ. ನಾಲ್ಕು ಗಂಟೆಗೆ ಐಸ್‌ಕ್ರೀಮ್ ಮಾಡುವುದನ್ನು ನಾನು ಬಿಟ್ಟಿಲ್ಲ. ಹೆಸರು ಹೇಳದೆ ಕೊಟ್ಟು ಕೇಳುತ್ತೇನೆ. ಧಾರವಾಡ ಪೇಡೆ ಪುಡಿಮಾಡಿ ಹಾಕಿದ್ದೇನೆ, ಚಿಕ್ಕು, ಬಾಳೆಹಣ್ಣು, ಏಲಕ್ಕಿ, ಹುರಿದ ಶೇಂಗಾ, ಅಂಟಿನ ಬೆಲ್ಲ ಹಾಕಿದ್ದೇನೆ. ಇದುವರೆಗೆ ಒಂದೂ ಗುರುತು ಸಿಕ್ಕಿಲ್ಲ. ಒಮ್ಮೆ "ಚಿಕ್ಕು ಏನ?" ಅಂದರು. ಅದು ಪೇಡೆಯಾಗಿತ್ತು. ನನ್ನ ಮುಖ ನೋಡಿ ಅವರೇ ಹೇಳಿದರು, "ತಂಪ ಐತಿ ಬಿಡವಾ. ತಂಪರ ಗೊತ್ತಾಗ್ತೈತಿ."

ಬರಬಹುದು, ಬರದೆಯೂ ಇರಬಹುದು, ಇಷ್ಟೇ ದಿನ ಅಂತ ಹೇಳಲಿಕ್ಕೆ ಬರುವುದಿಲ್ಲ ಎನ್ನುತ್ತಾರೆ ಡಾಕ್ಟರು. ಈ ದಾರಿಯಲ್ಲಿ ಹೋಗಿ ಬಂದವರು, ಅಥವಾ ಅಂಥವರಿಗೆ ಉಣ್ಣಿಸಿದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಕರೆಂಟು ಮುಗಿದ ಎಷ್ಟನೇ ತಿಂಗಳಿಗೆ ರುಚಿ ತಿರುಗಿ ಬಂತು, ಮೊದಲು ಬಂದದ್ದು ಸಿಹಿಯೋ, ಉಪ್ಪೋ, ಹುಳಿಯೋ, ಆ ದಿನ ಬಾಯಲ್ಲಿದ್ದದ್ದು ಯಾವ ಪದಾರ್ಥ, ಇಷ್ಟು ತಿಳಿಸಿದರೆ ಸಾಕು. ಬಂದೇ ಇಲ್ಲವೆಂದರೆ ಅದನ್ನೂ ಬರೆಯಿರಿ. ಅಲ್ಲಿಯವರೆಗೆ ಬಟ್ಟಲಿಗೆ ಏನು ಹಾಕಲಿ ಎಂದು ನನಗೆ ಯಾರಾದರೂ ಹೇಳಬೇಕು.