ಪಗಾರದ ಟ್ರಂಕಿನ ಬೀಗ

ಮಂತ್ರಿಸಿದ ದಾರ ಕಟ್ಟಿಕೊಂಡು ಬರುವ ಬಸುರಿಯರನ್ನು ನೋಡಿ ಒಳಗೊಳಗೇ ನಕ್ಕವಳು ನಾನು. ಈಗಲೂ ಅಂಥದ್ದನ್ನು ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ, ನೀವೇ ನೋಡಿ.

ಎಪ್ಪತ್ತರ ದಶಕದ ಆರಂಭ. ಬೀದರಿನಿಂದ ನಾಸಿಕಕ್ಕೆ ಹೋಗಿ ಹೆರಿಗೆ ಮಾಡಿಸುವ ತರಬೇತಿಗೆ ಸೇರಿದ್ದೆ. ಕಾರಣ ಇಷ್ಟೇ, ಅಲ್ಲಿ ಕಲಿಯುವವರನ್ನೂ ನೌಕರರೆಂದೇ ಹಿಡಿದು ಪಗಾರ ಕೊಡುತ್ತಿದ್ದರು. ಅಪ್ಪ ಇಲ್ಲದ ಮನೆ ನಮ್ಮದು. ಮೊದಲ ಪಗಾರವನ್ನು ಟ್ರಂಕಿನಲ್ಲಿಟ್ಟು, ಬೀಗ ಜಡಿದು, ಇದ್ದ ಒಂದೇ ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡೆ.

ಮರುದಿನ ಮಧ್ಯಾಹ್ನ ನಾನೂ ನಮಗೆ ಕಲಿಸುತ್ತಿದ್ದ ಸಿಸ್ಟರೂ ನದಿಯಾಚೆ ಪಂಚವಟಿಯ ಒಂದು ಮನೆಗೆ ಹೆರಿಗೆಗೆ ಹೋದೆವು. ಬಸುರಿ ಶಾಂತಾ ನಮ್ಮ ಕಡೆಯವಳೇ. ಗಂಡ ಸಾತಪುರದ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ. ಬೆಳಗಿನಿಂದ ನೋವು ತಿಂದು ಸೋತಿದ್ದಳು, ಕೂಸು ಮಾತ್ರ ಕೆಳಗಿಳಿಯುತ್ತಿರಲಿಲ್ಲ. ಆಸ್ಪತ್ರೆಗೆ ಸಾಗಿಸಲೇಬೇಕೆಂದು ಸಿಸ್ಟರ್ ಗಾಡಿ ತರಲು ಹೋದರು. ಕೂಸಿನ ಎದೆಬಡಿತ ಕುಗ್ಗುತ್ತಿತ್ತು. ಹೊಸಬಳಾದ ನಾನು ಮತ್ತೆ ಮತ್ತೆ ಕಿವಿಗೊಟ್ಟು ಅದನ್ನೇ ಎಣಿಸುತ್ತಿದ್ದೆ.

ಶಾಂತಾಳ ಅತ್ತೆ ನೀಲಮ್ಮ ಮನೆಯಲ್ಲಿ ಮುಚ್ಚಿದ್ದನ್ನೆಲ್ಲ ತೆರೆಯುತ್ತಿದ್ದರು. ಕಪಾಟು, ಪೆಟ್ಟಿಗೆ, ಹಿಟ್ಟಿನ ಡಬ್ಬಿ. ಸೊಸೆಯ ಜಡೆಯನ್ನೂ ಬಿಚ್ಚಿದರು. ಹೆರಿಗೆಯ ಹೊತ್ತಿಗೆ ಯಾವುದಕ್ಕೂ ಬೀಗ, ಗಂಟು ಇರಬಾರದೆಂಬುದು ಅವರ ಪದ್ಧತಿ. ಆಮೇಲೆ ನನ್ನ ಕೊರಳು ನೋಡಿದರು.

"ಆ ಕೀಲಿ ಯಾವುದರದ್ರೀ ನರ್ಸಬಾಯಿ?"

"ನನ್ನ ಟ್ರಂಕಿಂದ್ರಿ. ಹಾಸ್ಟೆಲಿನ್ಯಾಗ ಅದ."

"ಹಂಗಾದ್ರ ಅದೊಂದೇ ಉಳದದ ನೋಡ್ರಿ."

"ನದಿ ದಾಟಿ ಹೋಗಿ ತೆಗದು ಬರ್ಲೇನ್ರಿ ಈಗ?" ಎಂದು ಸಿಡುಕಿದೆ.

"ನೀವು ಬ್ಯಾಡ್ರಿ. ಕೀಲಿ ಕೊಡ್ರಿ."

ವಾದಿಸುವ ಹೊತ್ತಾಗಿರಲಿಲ್ಲ, ಕೊಟ್ಟೆ. ಮುದುಕಿ ನನ್ನ ಪಕ್ಕದಲ್ಲೇ ಕೂತು, ಕೀಲಿಯನ್ನು ಬರಿಗಾಳಿಯಲ್ಲಿ ಹಿಡಿದು, ಬೀಗ ತೆಗೆಯುವಂತೆ ಒಮ್ಮೆ ತಿರುವಿದರು. ಮುಂದಿನ ನೋವಿಗೇ ಕೂಸಿನ ತಲೆ ಕಂಡಿತು. ಸಿಸ್ಟರ್ ಗಾಡಿ ತಂದಾಗ ಅದು ಕಿರಿಚಿ ಅಳುತ್ತಿತ್ತು. ನಾನೂ ಅಳುತ್ತಿದ್ದೆ.

ಸಂಜೆ ಕೀಲಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಹಾಸ್ಟೆಲಿಗೆ ಬಂದೆ. ಟ್ರಂಕಿನ ಬೀಗ ತೆರೆದುಕೊಂಡು ಕೊಂಡಿಯಲ್ಲಿ ನೇತಾಡುತ್ತಿತ್ತು. ಮುಚ್ಚಳ ಎತ್ತಿ ನೋಡಿದರೆ ಪಗಾರ ಇಟ್ಟಲ್ಲೇ ಇತ್ತು. ಬೀಗದ ಮೇಲೆ ಒಂದು ಗೀರೂ ಇರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅದನ್ನು ನಾನೇ ಎಳೆದು ನೋಡಿದ್ದೆ. ಹೇಗಾಯಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಮುಂದೆ ಔರಂಗಾಬಾದಿನಲ್ಲಿ ನಾನೇ ಸಿಸ್ಟರ್ ಆದೆ. ಇದೆಲ್ಲ ಮೂಢನಂಬಿಕೆ ಎಂದು ಹುಡುಗಿಯರಿಗೆ ಪಾಠವನ್ನೂ ಹೇಳಿದೆ. ಆದರೆ ಹೆರಿಗೆಗೆ ಹೊರಡುವಾಗ ನನ್ನ ಟ್ರಂಕಿಗೆ ಬೀಗ ಹಾಕಲು ಕೈ ಬರುತ್ತಿರಲಿಲ್ಲ. ಒಮ್ಮೆ ಕಳ್ಳ ಬಂದು ಇಡೀ ತಿಂಗಳ ಪಗಾರ ಹೊತ್ತೊಯ್ದ. ಮರುದಿನ ಕರೆ ಬಂದಾಗಲೂ ಟ್ರಂಕನ್ನು ತೆರೆದಿಟ್ಟೇ ಹೋದೆ.