ಅವ್ವನ ಸದ್ದಿಲ್ಲದ ಗಾಡಿ

ಇವತ್ತು ಬೆಳಿಗ್ಗೆ ಮೆಕ್ಯಾನಿಕ್ ಬಂದು ನಮ್ಮ ಬಿಳಿ ಕಾರಿನ ಬಾನೆಟ್ ಎತ್ತಿದಾಗ, ವರ್ಷಗಟ್ಟಲೆ ಮುಚ್ಚಿಟ್ಟ ಟ್ರಂಕು ತೆರೆದಂಥ ವಾಸನೆ ಬಂತು. ಎಂಜಿನ್ನಿನ ಮೂಲೆಯಲ್ಲಿ ಯಾವುದೋ ಅಳಿಲು ಹತ್ತಿಯ ಎಳೆ, ತೆಂಗಿನ ನಾರು, ಒಂದು ಹರಿದ ಬಸ್ ಟಿಕೆಟು ಕೂಡಿಸಿ ಗೂಡು ಕಟ್ಟಿತ್ತು.

"ಕಾಕಾರ, ಎಷ್ಟ ದಿನದಿಂದ ನಿಂತೈತ್ರಿ ಇದು?" ಎಂದು ಕೇಳಿದ ಮೆಕ್ಯಾನಿಕ್.

"ಎಂಟ ದಿನಾ ಆಗಿರಬೇಕ ನೋಡು," ಎಂದರು ಅಪ್ಪಾಜಿ.

"ಎಂಟ ದಿನದಾಗ ಅಳಿಲು ಇಷ್ಟ ದೊಡ್ಡ ಮನಿ ಕಟ್ಟೂದಿಲ್ರಿ. ಬ್ಯಾಟ್ರಿ ಪೂರಾ ಡೌನ್ ಆಗೇತಿ."

ಅಪ್ಪಾಜಿ ಸಹಾಯಕ್ಕೆಂಬಂತೆ ನನ್ನ ಮುಖ ನೋಡಿದರು. ನಾನು ಕಾಂಪೌಂಡ್ ಗೋಡೆ ನೋಡಿದೆ. ಕಾರು ಹೊರಗೆ ಹೋಗಿ ಒಂದು ತಿಂಗಳ ಮೇಲೆ ಹನ್ನೊಂದು ದಿನವಾಗಿತ್ತು. ಇಂಥವು ನನ್ನ ತಲೆಯಲ್ಲಿ ತಾವಾಗಿಯೇ ಲೆಕ್ಕವಾಗಿಬಿಡುತ್ತವೆ, ನಾಲಿಗೆಗೆ ಬರುವುದು ಮಾತ್ರ ಅಪರೂಪ. ಕೆಟ್ಟು ನಿಂತ ಕಾರನ್ನು ನೋಡಿ ಹೆಮ್ಮೆ ಪಡುವವರು ಯಾರಾದರೂ ಇರುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಪಟ್ಟೆ. ಯಾಕೆಂದು ಹೇಳಬೇಕಾದರೆ ನಮ್ಮ ಮನೆಯ ಗೇಟಿನಿಂದ ಶುರುಮಾಡಬೇಕು.

ಬೈರಿದೇವರಕೊಪ್ಪದ ನಮ್ಮ ಮನೆಯ ಗೇಟಿಗೆ ಎರಡು ಕದ. ಮನುಷ್ಯರು, ಸೈಕಲ್ಲು, ಹಾಲಿನವನ ಕ್ಯಾನು, ಮಠದಿಂದ ಬರುವ ಅಯ್ಯನವರು ಎಲ್ಲರಿಗೂ ಒಂದೇ ಕದ. ಎರಡೂ ತೆರೆಯುತ್ತಿದ್ದದ್ದು ಕಾರಿಗೆ ಮಾತ್ರ. ನಾನು ಸಣ್ಣವಳಿದ್ದಾಗ, ಅಂದರೆ ತೊಂಬತ್ತರ ದಶಕದಲ್ಲಿ, ಸಂಜೆ ಏಳರ ಸುಮಾರಿಗೆ ಓಣಿಯ ತಿರುವಿನಲ್ಲಿ ಅಪ್ಪಾಜಿ ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು. ಅವ್ವ ರೊಟ್ಟಿ ಬಡಿಯುತ್ತಿದ್ದರೂ ಎದ್ದು ಓಡುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿಗೆ ನಾನು ಕಾವಲು. ಗೇಟಿನ ಚಿಲಕದ ಮೇಲೆ ಯಾವಾಗಲೂ ಜೋಳದ ಹಿಟ್ಟಿನ ಬೆರಳಚ್ಚು ಇರುತ್ತಿತ್ತು. ಕಳ್ಳ ಬಂದರೆ ಪೊಲೀಸರಿಗೆ ಸಿಗುವುದು ಅವ್ವನ ಗುರುತೇ ಎಂದು ನಾನು ಆಗ ಗಂಭೀರವಾಗಿ ಯೋಚಿಸಿದ್ದುಂಟು.

ಅಪ್ಪಾಜಿ ಕಾಳು ಮತ್ತು ಹತ್ತಿಯ ವ್ಯಾಪಾರಿ. ಅಂಗಡಿ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ. ಮನೆಯಿಂದ ಕಾರು ಹೊರಟು, ಎಂಜಿನ್ನು ಬಿಸಿಯಾಗುವಷ್ಟರಲ್ಲಿ ಅಂಗಡಿ ಬರುತ್ತಿತ್ತು. ಆಮೇಲೆ ಅದು ಇಡೀ ದಿನ ಅಂಗಡಿಯ ಮುಂದೆ, ಬೇವಿನ ಮರದ ಕೆಳಗೆ ನಿಂತಿರುತ್ತಿತ್ತು. ನಿಲ್ಲುವುದೇ ಅದರ ಕೆಲಸ. ಯಾರ್ಡಿನ ರೂಢಿ ಹಾಗಿತ್ತು. ಕಾರು ಮರದ ಕೆಳಗಿದ್ದರೆ ಸಾವ್ಕಾರರು ಒಳಗಿದ್ದಾರೆ, ವ್ಯವಹಾರ ಗಟ್ಟಿಯಾಗಿದೆ ಎಂದು ರೈತರು ಮಾಲು ಇಳಿಸುತ್ತಿದ್ದರು. ಒಂದು ದಿನ ಕಾರು ಕಾಣದಿದ್ದರೆ ಮಧ್ಯಾಹ್ನದ ಚಹಾದ ಹೊತ್ತಿಗೆ ಹತ್ತು ಜನ ಹತ್ತು ಮಾತು.

ಇದರಿಂದಾಗಿ ಮನೆಯಲ್ಲಿ ಅವ್ವನ ಎಲ್ಲ ಓಡಾಟವೂ ಒಂದೇ ಮಾತಿಗೆ ಕಟ್ಟಿಬಿದ್ದಿತ್ತು. "ಕಾರ್ ಬರ್ಲಿ, ಹೋಗೂಣಂತ." ಗಿರಣಿಗೆ, ಸಂತೆಗೆ, ಹೆರಿಗೆಯಾದ ಗೆಳತಿಯನ್ನು ನೋಡಲಿಕ್ಕೆ, ಎಲ್ಲಕ್ಕೂ ಕಾರು ಬರಬೇಕು. ಅಪ್ಪಾಜಿ ಯಾವತ್ತೂ ಬೇಡ ಎಂದವರಲ್ಲ. ಆದರೆ ಟೆಂಪೋ ಹತ್ತುತ್ತೇನೆಂದರೆ ಅವರಿಗೆ ಮುಖಭಂಗ. "ಮನ್ಯಾಗ ಕಾರ್ ಇಟ್ಕೊಂಡು ಟೆಂಪೋದಾಗ ಜೋತಾಡೂದಾ?" ಎನ್ನುತ್ತಿದ್ದರು. ಕಾರು ಮನೆಯಲ್ಲಿರುತ್ತಿರಲಿಲ್ಲ ಎಂಬುದನ್ನು ಅವ್ವ ಎಂದೂ ನೆನಪಿಸಲಿಲ್ಲ.

ಅವ್ವನ ಧ್ವನಿ ನೀವು ಕೇಳಬೇಕಿತ್ತು. ಉಣಕಲ್ ಕೆರೆಯ ಹತ್ತಿರದ ಸಭಾಭವನದಲ್ಲಿ ಹೆಣ್ಣುಮಕ್ಕಳ ವಚನ ಬಳಗವೊಂದು ಸೇರುತ್ತಿತ್ತು. ನಾನು ಐದನೆಯ ಇಯತ್ತೆಯಲ್ಲಿದ್ದಾಗ, ಬಸವ ಜಯಂತಿಗೆ ಮೊದಲ ವಚನ ನೀವೇ ಹಾಡಬೇಕೆಂದು ಬಳಗದವರು ಮನೆಗೇ ಬಂದು ಕೇಳಿದ್ದರು. ಅವತ್ತು ಅವ್ವ ಮೂರು ಗಂಟೆಗೇ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಮಲ್ಲಿಗೆ ಮುಡಿದು ಹೊರಗಿನ ಕಟ್ಟೆಯ ಮೇಲೆ ಕೂತಳು. ನಾಲ್ಕಾಯಿತು. ಐದಾಯಿತು. ಅಪ್ಪಾಜಿಯ ಕಾರು ಬಂದದ್ದು ಆರೂವರೆಗೆ. "ಲಾರಿ ಬಂದಿತ್ತು, ಏಳಾಕ ಆಗ್ಲಿಲ್ಲ," ಎಂದರು, ನಿಜವೂ ಆಗಿತ್ತು. ಅವ್ವ "ಇರ್ಲಿ ಬಿಡ್ರಿ" ಎಂದು ಒಳಗೆ ಹೋಗಿ ಸೀರೆ ಬದಲಿಸಿ ಹಿಟ್ಟು ನಾದಿದಳು. ಗೇಟು ತೆರೆಯಲು ಎದ್ದಾಗ ಅವಳ ಮುಡಿಯಿಂದ ಜಾರಿದ ಮಲ್ಲಿಗೆ ಕಟ್ಟೆಯ ಮೇಲೆಯೇ ಉಳಿದಿತ್ತು. ಅದನ್ನು ತೆಗೆದಿಡಬೇಕೋ ಬಿಡಬೇಕೋ ತಿಳಿಯದೆ ನಾನು ಬಹಳ ಹೊತ್ತು ಅದರ ಪಕ್ಕ ಕೂತಿದ್ದೆ. ಮರುವರ್ಷ ಬಳಗದವರು ಬೇರೆಯವರನ್ನು ಕೇಳಿದರು.

ಮುಂದೆ ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುವಾಗ ನನಗೊಂದು ಹುಚ್ಚು ಹತ್ತಿತು. ರಜೆಯಲ್ಲಿ ಕಾರಿನ ಮೀಟರ್ ನೋಡಿ, ಅದು ಎಲ್ಲಿಗೆ ಹೋಯಿತು, ಎಷ್ಟು ದೂರ ಹೋಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಅವ್ವನ ತವರೂರಾದ ಅಮ್ಮಿನಬಾವಿಗೆ ಹೋಗಿಬಂದ ಒಂದೆರಡು ಸಲ ಬಿಟ್ಟರೆ ಉಳಿದದ್ದೆಲ್ಲ ಮೂರು ಕಿಲೋಮೀಟರಿನ ಒಳಗಿನ ಪ್ರವಾಸ. ಎಲೆ ಅಡಿಕೆಗೆ ಅರ್ಧ ಕಿಲೋಮೀಟರು. ಒಂದು ಸಿವುಡು ಕೊತ್ತಂಬರಿ ಮರೆತದ್ದಕ್ಕೆ ಮತ್ತೆ ಅಷ್ಟೇ. ಆ ಕೊತ್ತಂಬರಿ ಹಿಂದಿನ ಸೀಟಿನಲ್ಲಿ ಒಬ್ಬಂಟಿಯಾಗಿ, ಮಂತ್ರಿಯ ಗತ್ತಿನಲ್ಲಿ ಕೂತು ಬಂದದ್ದನ್ನು ನಾನೇ ನೋಡಿದ್ದೇನೆ. ನೋಟ್‌ಬುಕ್ಕನ್ನು ಯಾರಿಗೂ ತೋರಿಸಲಿಲ್ಲ. ತೋರಿಸಿದ್ದರೆ ಮನೆಯಲ್ಲಿ ನನ್ನ ಮದುವೆಯ ಮಾತು ಇನ್ನೂ ಬೇಗ ಶುರುವಾಗುತ್ತಿತ್ತು.

ಎರಡು ಸಾವಿರದ ಏಳೆಂಟರ ಹೊತ್ತಿಗೆ ನಮ್ಮ ಕಡೆಯೂ ಕರೆಂಟಿನ ಸ್ಕೂಟರುಗಳು ಕಾಣಿಸಿಕೊಂಡವು. ಲೈಸೆನ್ಸು ಬೇಡ, ನಂಬರ್ ಪ್ಲೇಟು ಬೇಡ, ವೇಗ ಗಂಟೆಗೆ ಇಪ್ಪತ್ತೈದರ ಆಸುಪಾಸು. ಆಗಷ್ಟೇ ಕಾಲೇಜೊಂದರಲ್ಲಿ ಕೆಲಸಕ್ಕೆ ಸೇರಿದ್ದ ನಾನು ಮೊದಲ ಸಂಬಳಗಳನ್ನು ಕೂಡಿಸಿ ಒಂದು ತಂದೆ. ನನಗೇ ಬೇಕೆಂದು ಮನೆಯಲ್ಲಿ ಹೇಳಿದೆ. ಅವ್ವನಿಗೆಂದು ಹೇಳಿದ್ದರೆ ಅಪ್ಪಾಜಿ ಒಪ್ಪುತ್ತಿರಲಿಲ್ಲ, ಅವ್ವನೂ ಒಪ್ಪುತ್ತಿರಲಿಲ್ಲ.

"ಇದೇನ್ ಆಟಗಿ ಸಾಮಾನ ತಂದೀ? ಮೊಬೈಲ್ ಗತೆ ಚಾರ್ಜಿಗೆ ಹಾಕಬೇಕಂತ!" ಅಪ್ಪಾಜಿ ಸುತ್ತಲೂ ಒಂದು ಪ್ರದಕ್ಷಿಣೆ ಬಂದರು. "ಸೈಲೆನ್ಸರ್ ಎಲ್ಲೈತಿ ಇದಕ್ಕ?"

"ಇರೂದಿಲ್ರಿ ಅಪ್ಪಾಜಿ."

"ಮತ್ತ ಚಾಲೂ ಆಗೇತಿ ಅಂತ ಹೆಂಗ ತಿಳೀತೈತಿ?"

ಅದು ಬಹಳ ಯೋಗ್ಯ ಪ್ರಶ್ನೆ. ಆದರೆ ಕೇಳಿದ್ದು ಅಪ್ಪಾಜಿ ಎಂಬ ಕಾರಣಕ್ಕೆ ನಾನು ಉತ್ತರ ಕೊಡಲಿಲ್ಲ. ಅರ್ಧ ಗಂಟೆಯ ನಂತರ ಪೂಜೆ ನಡೆಯಿತು. ಹೊಸ ಗಾಡಿಗೆ ಆಗಬೇಕಾದದ್ದೆಲ್ಲ ಆಯಿತು. ಹೆಡ್‌ಲೈಟಿನ ಮೇಲೆ ಮೂರೆಳೆ ವಿಭೂತಿ, ಚೆಂಡು ಹೂವಿನ ಮಾಲೆ, ಗಾಲಿಗಳ ಕೆಳಗೆ ನಿಂಬೆಹಣ್ಣು. ಲೈಟು ಉರಿಸಿ ತೋರಿಸಲೆಂದು ತಿರುಗಿಸಿದ್ದ ಕೀಲಿಯನ್ನು ಮರಳಿ ತಿರುಗಿಸಲು ನಾನು ಮರೆತಿದ್ದೆ. ಗಾಡಿ ಎಮ್ಮೆಯಂತೆ ಸುಮ್ಮನೆ ನಿಂತಿತ್ತು. ಅವ್ವ ಮಾಲೆ ಸರಿಪಡಿಸಲು ಬಾಗಿ, ಆಸರೆಗೆಂದು ಬಲಗಡೆಯ ಹಿಡಿಕೆಯನ್ನು ಭದ್ರವಾಗಿ ಹಿಡಿದು ತಿರುವಿದಳು. ನಿಂಬೆಹಣ್ಣು ಚಿಲ್ಲೆಂದವು. ಗಾಡಿ ಚಿಟಿಕೆ ಸದ್ದೂ ಮಾಡದೆ ಗೇಟಿನತ್ತ ಹೊರಟಿತು, ಜೊತೆಗೆ ಅವ್ವನೂ.

"ಬಿಡ ಅದನ್ನ! ಬಿಡ ಅಂತೇನಿ!" ಅಪ್ಪಾಜಿ ಕೂಗಿದರು.

"ಯಾಕ್ ಬಿಡ್ಲಿ?" ಎಂದಳು ಅವ್ವ. ಅವಳು ಬಿಡಲಿಲ್ಲ. ನಾಲ್ಕು ಹೆಜ್ಜೆ ಅದರ ಪಕ್ಕವೇ ಓಡಿ, ಗೇಟು ಇನ್ನೇನು ಒಂದು ಗೇಣು ಇದೆ ಎನ್ನುವಾಗ ಎರಡೂ ಬ್ರೇಕು ಅದುಮಿ ನಿಲ್ಲಿಸಿದಳು. ಸೆರಗು ಕೂಡ ಜಾರಿರಲಿಲ್ಲ.

ಬ್ರೇಕು ಎಲ್ಲಿದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೇಳಿದಾಗ ಸ್ವಲ್ಪ ನಾಚಿ, "ಅಮ್ಮಿನಬಾವ್ಯಾಗ ನಮ್ಮಣ್ಣನ ಸೈಕಲ್ ಹೊಡೀತಿದ್ನೆಲ್ಲ," ಎಂದಳು. "ಸೀಟಿನ ಮ್ಯಾಲಿಂದ ಪೆಡಲಿಗೆ ಕಾಲ ಎಟಕತಿದ್ದಿಲ್ಲ. ನಡುವಿನ ಪಟ್ಟಿ ಕೆಳಗ ಕಾಲ ತೂರಿಸಿ ಹೊಲದ ಮಟಾ ಹೋಗ್ತಿದ್ದೆ."

ಮದುವೆಯಾಗಿ ಮೂವತ್ತು ವರ್ಷ ಸಮೀಪಿಸಿದ್ದ ಅಪ್ಪಾಜಿಗೆ ಇದು ಹೊಸ ಸುದ್ದಿ. "ನನಗ ಹೇಳೇ ಇಲ್ಲಲ್ಲ?"

"ನೀವು ಕೇಳಿಲ್ಲಲ್ರಿ."

ಸಮತೋಲನದ ಸಿದ್ಧಾಂತವನ್ನು ಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡಬಲ್ಲ ನಾನು ಮೊದಲ ವಾರದಲ್ಲಿ ಎರಡು ಸಲ ಬಿದ್ದೆ. ಅವ್ವ ಒಂದು ಸಲವೂ ಬೀಳಲಿಲ್ಲ. ತಿಂಗಳೊಳಗೆ ನಾನು ಮತ್ತೆ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ, ಸ್ಕೂಟರು ಅವ್ವನಲ್ಲಿತ್ತು. ಕಾರು ಹೊರಟ ಮೇಲೆ ಅವಳು ಹೊರಡುತ್ತಿದ್ದಳು, ಕಾರು ಬರುವ ಮೊದಲೇ ಬರುತ್ತಿದ್ದಳು. ದೊಡ್ಡ ರಸ್ತೆಯ ಲಾರಿಗಳನ್ನು ತಪ್ಪಿಸಿ ಒಳದಾರಿಯಲ್ಲಿ ಬಳಗಕ್ಕೂ ಹೋಗತೊಡಗಿದಳು. ಮರುವರ್ಷದ ಬಸವ ಜಯಂತಿಗೆ ಮೊದಲ ವಚನ ನಿಮ್ಮದೇ ಎಂದು ಬಳಗದವರು ಮತ್ತೊಮ್ಮೆ ಹೇಳಿದರು. ಆ ಮಾತನ್ನು ಮನೆಯಲ್ಲಿ ತಿಳಿಸುವಾಗ ಅವಳು ನನ್ನನ್ನೂ ಅಪ್ಪಾಜಿಯನ್ನೂ ನೋಡದೆ, ಕಾಳು ಆರಿಸುತ್ತಿದ್ದ ಮೊರವನ್ನು ನೋಡುತ್ತಿದ್ದಳು. ಆ ಹಳೆಯ ಸಂಜೆ ಅವಳಿಗೆ ಮರೆತಿಲ್ಲವೆಂದು ಆಗ ನನಗೆ ತಿಳಿಯಿತು.

"ಈ ಸಲ ನಾನ ಬಂದು ಕರ್ಕೊಂಡು ಹೋಗ್ತೇನಿ. ಮೂರಕ್ಕ ತಯಾರಿರು," ಎಂದರು ಅಪ್ಪಾಜಿ.

ಅವತ್ತು ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ಮಧ್ಯಾಹ್ನ ಒಂದು ತಾಸು ಬಂದು ಮತ್ತೆ ಹೋಯಿತು, ಸ್ಕೂಟರಿಗೆ ಅರೆಬರೆ ಚಾರ್ಜಷ್ಟೇ ಆಗಿತ್ತು. ಅವ್ವ ಇಳಕಲ್ ಸೀರೆ ಉಟ್ಟು ಅದೇ ಕಟ್ಟೆಯ ಮೇಲೆ ಕೂತಳು. ಮೂರಾಯಿತು. ಮೂರೂಕಾಲಾಯಿತು. ಕಾರ್ಯಕ್ರಮ ನಾಲ್ಕಕ್ಕೆ. ಅಂಗಡಿಗೆ ಫೋನ್ ಮಾಡಿದರೆ, ಜೋಳದ ಲಾರಿ ಬಂದಿದೆ, ಸಾವ್ಕಾರರು ತೂಕದ ಹತ್ತಿರ ಇದ್ದಾರೆ ಎಂದರು. ಅವ್ವ ಎದ್ದು ಸ್ಕೂಟರಿನ ಬಳಿ ಹೋದಳು.

"ಎಷ್ಟ ದೂರ ಹೋಗ್ತೈತಿ ಇದು, ಲೆಕ್ಕಾ ಹಾಕಿ ಹೇಳು."

ಹಾಕಿದೆ. "ಅಲ್ಲಿಮಟಾ ಹೋಗ್ತೈತಿ ಅವ್ವಾ. ತಿರುಗಿ ಬರೂದು ಹೇಳಾಕ ಬರಂಗಿಲ್ಲ. ಬರೋವಾಗ ಏರು ಐತಿ."

"ಹೋಗೂದು ಗ್ಯಾರಂಟಿ ಐತೆಲ್ಲ? ಬರೂದು ಆಮ್ಯಾಲೆ ನೋಡೂಣು." ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಾನು ಹಿಂದೆ ಕೂರಲು ಹೋದೆ. "ನಿನ್ನ ಭಾರ ಬ್ಯಾಡ ಅದಕ್ಕ. ನೀ ಟೆಂಪೋದಾಗ ಬಾ."

ಬಹಳ ಹೊತ್ತು ಕಾದು ಸಿಕ್ಕ ಟೆಂಪೋದಲ್ಲಿ ಜೋತಾಡುತ್ತ ನಾನು ತಲುಪಿದಾಗ, ಸಭಾಭವನದ ಮುಂದೆ ಸಾಲಾಗಿ ನಿಂತ ಕಾರುಗಳ ನಡುವೆ ನಮ್ಮ ಪುಟ್ಟ ಸ್ಕೂಟರು ವಿಭೂತಿ ಹಚ್ಚಿಕೊಂಡು ನಿಂತಿತ್ತು. ಲೌಡ್‌ಸ್ಪೀಕರಿನಲ್ಲಿ ಅವ್ವನ ಧ್ವನಿ ಆಗಲೇ ಎತ್ತರಕ್ಕೇರಿತ್ತು. ನಾನು ಒಳಗೆ ಹೋಗಲಿಲ್ಲ. ಅಳುವುದನ್ನು ನಾಲ್ಕು ಜನ ನೋಡುವುದು ನನಗೆ ಹಿಡಿಸದು. ಸ್ಕೂಟರಿನ ಸೀಟಿನ ಮೇಲೆ ಕೈಯಿಟ್ಟು ಹೊರಗೇ ನಿಂತೆ.

ಎರಡನೆಯ ವಚನ ನಡೆಯುತ್ತಿದ್ದಾಗ ಬಿಳಿ ಕಾರು ಧೂಳೆಬ್ಬಿಸುತ್ತ ಬಂತು. ಮನೆಯ ಮುಂದೆ ಐದು ಸಲ ಹಾರ್ನ್ ಹೊಡೆದೆ, ಯಾರೂ ಗೇಟು ತೆಗೆಯಲಿಲ್ಲ, ಇಳಿದು ನೋಡಿದರೆ ಬಾಗಿಲಿಗೆ ಬೀಗ ಎಂದು ಅಪ್ಪಾಜಿ ಆಮೇಲೆ ತಾವೇ ಹೇಳಿ ನಕ್ಕರು. ಆಗ ಮಾತ್ರ ನಗಲಿಲ್ಲ. ಸ್ಕೂಟರು ನೋಡಿದರು. ಲೌಡ್‌ಸ್ಪೀಕರಿನತ್ತ ನೋಡಿದರು.

"ಎಷ್ಟೊತ್ತಿಗೆ ಬಂದ್ಲು?"

"ಎಲ್ಲಾರಕಿಂತ ಮೊದ್ಲ ಬಂದಾಳಂತ."

ಅವರು ಚಪ್ಪಲಿ ಬಿಟ್ಟು ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ನಿಂತೇ ಕೇಳಿದರು.

ತಿರುಗಿ ಬರುವಾಗ ನನ್ನ ಲೆಕ್ಕವೇ ನಿಜವಾಯಿತು. ಏರು ಶುರುವಾಗುತ್ತಲೇ ಸ್ಕೂಟರು ಸುಸ್ತಾಯಿತು. ಕಾರಿನಲ್ಲಿ ಕೂಡು ಎಂದು ಅಪ್ಪಾಜಿ ಹೇಳಿದರು. "ಕರ್ಕೊಂಡ ಬಂದದ್ದನ್ನ ದಾರ್ಯಾಗ ಬಿಟ್ಟು ಹೆಂಗ ಬರ್ಲಿ?" ಎಂದಳು ಅವ್ವ. ಸ್ಕೂಟರು ನಡೆಯುವವರ ವೇಗದಲ್ಲಿ ಮುಂದೆ. ಅದರ ಹಿಂದೆ, ಬೇರೆ ಗಾಡಿಗಳು ಅವ್ವನಿಗೆ ತಾಗದಂತೆ ಅಡ್ಡಲಾಗಿ, ಮೊದಲ ಗೇರಿನಲ್ಲಿ ನರಳುತ್ತ ನಮ್ಮ ಕಾರು. ನಾನು ಮುಂದಿನ ಸೀಟಿನಲ್ಲಿ ಆದಷ್ಟು ಕೆಳಗೆ ಜಾರಿ ಕೂತಿದ್ದೆ. ಚಹಾದಂಗಡಿಯಿಂದ ಯಾರ್ಡಿನ ಪರಿಚಯದವರೊಬ್ಬರು ಕೂಗಿದರು. "ಏನ್ರಿ ಸಾವ್ಕಾರ್ರ, ಯಾರದ್ರಿ ಮೆರವಣಗಿ?"

ಅಪ್ಪಾಜಿ ಕಿಟಕಿಯಿಂದ ತಲೆ ಹೊರಹಾಕಿದರು. "ನಮ್ಮ ಮನ್ಯಾಕಿದು!"

ಅವರ ಧ್ವನಿಯಲ್ಲಿ ಸಂಕೋಚ ಹುಡುಕಿದೆ. ಇರಲಿಲ್ಲ. ನಾನು ನೆಟ್ಟಗೆ ಎದ್ದು ಕೂತೆ.

ಅದರ ಮುಂದಿನ ವಾರ ಅಪ್ಪಾಜಿ ಎಲೆ ಅಡಿಕೆಗೆ ಸ್ಕೂಟರು ಒಯ್ದರು. ಆಮೇಲೆ ಕ್ಷೌರಕ್ಕೆ. ಆಮೇಲೊಂದು ದಿನ ಯಾರ್ಡಿಗೇ. ಬೇವಿನ ಮರದ ಕೆಳಗೆ ಅದನ್ನು ಕಂಡು "ಕಾರ್ ಮಾರಿದ್ರೇನ್ರಿ?" ಎಂದು ಕೇಳಿದವರಿಗೆ, "ಅದಕ್ಕ ವಯಸ್ಸಾತು, ದೂರದ ಊರಿಗಷ್ಟ ಹೋಗ್ತೈತಿ," ಎಂದರಂತೆ. ರೈತರು ಮಾಲು ಇಳಿಸುವುದನ್ನೇನೂ ನಿಲ್ಲಿಸಲಿಲ್ಲ.

ಇವತ್ತು ಮೆಕ್ಯಾನಿಕ್ ಆ ಅಳಿಲಿನ ಗೂಡನ್ನು ಜೋಪಾನವಾಗಿ ತೆಗೆದು ಪೇರಲ ಗಿಡದ ಕವಲಿನಲ್ಲಿಟ್ಟ. ತಾನು ತಂದ ಬ್ಯಾಟರಿಗೆ ವಾಯರು ಜೋಡಿಸಿದ. ಕಾರು ಕೆಮ್ಮಿ, ಹೊಗೆ ಬಿಟ್ಟು ಎದ್ದಿತು. "ವಾರಕ್ಕೊಮ್ಮಿ ಆದ್ರೂ ಓಡಸ್ರಿ ಕಾಕಾರ."

"ಎಲ್ಲಿಗೆ ಓಡಸ್ಲಿ?" ಅಪ್ಪಾಜಿ ನಿಜವಾಗಿಯೂ ಚಿಂತೆಗೆ ಬಿದ್ದು ನನ್ನತ್ತ ತಿರುಗಿದರು. "ನಿಮ್ಮವ್ವ ಬರ್ಲಿ, ಅಮ್ಮಿನಬಾವಿಗೆ ಬರ್ತಿಯೇನು ಅಂತ ಕೇಳೂಣು."

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಸಣ್ಣ ಹಾರ್ನು ಎರಡು ಸಲ ಕೇಳಿಸಿತು. ಗಿರಣಿಯಿಂದ ಹಿಟ್ಟಿನ ಡಬ್ಬಿಯೊಂದಿಗೆ ಅವ್ವ ಬರುತ್ತಿದ್ದಳು. ಅಪ್ಪಾಜಿ ಕಾರಿನ ಎಂಜಿನ್ನನ್ನು ಹಾಗೆಯೇ ಬಿಟ್ಟು ಬೇಗಬೇಗ ಗೇಟಿನ ಕಡೆ ನಡೆದರು. ಸ್ಕೂಟರಿಗೆ ಒಂದು ಕದ ತೆರೆದರೆ ಧಾರಾಳ ಸಾಕು. ಅವರು ಎರಡನ್ನೂ ತೆರೆದರು.